ಪ್ರಿಸ್ಕಿಯ ಅಂಗೈ ಬಿಸಿಯಾದ ಸಂಜೆ

ಬೆಟಗೇರಿ
ಮೇ 43, 2219

ಪ್ರೀತಿಯ ಯೂನಿಕೆ ಅಜ್ಜಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಬೆಳೆದಂತೆ ನಾವು ತಿಂಗಳನ್ನೂ ಬೆಳೆಸಿಕೊಂಡಿದ್ದೇವೆ. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಹೋದ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆಯಲ್ಲಿ ಇದನ್ನು ಹಾಕುತ್ತಿದ್ದೇನೆ. ನಾನು ತಬಿತಾ, ನಿಮ್ಮ ಮರಿಮಗನ ಮರಿಮಗ ಸಿಲಾಸನ ಹೆಂಡತಿ. ಮದುವೆಯಾಗಿ ಹನ್ನೊಂದೇ ದಿನ. ಸಿಲಾಸ ಎಷ್ಟು ಚೆಂದವೆಂದರೆ, ಅವನು ಹಲ್ಲುಜ್ಜುವುದನ್ನೂ ನಾನು ಹಿಂದೆ ನಿಂತು ನೋಡುತ್ತೇನೆ.

ನೀವು ಹಾಕಿಕೊಟ್ಟ ಪದ್ಧತಿ ಈ ಮನೆಯಲ್ಲಿ ತಪ್ಪಿಲ್ಲ. ಸಂಜೆಯ ಪ್ರಾರ್ಥನೆಯನ್ನು ಬರೀ ಬಾಯಿಪಾಠ ಒಪ್ಪಿಸಿದ ಮಗುವಿನ ತಟ್ಟೆಯನ್ನು ನೀವು ಬೋರಲು ಹಾಕುತ್ತಿದ್ದಿರಂತೆ. ಮನಸ್ಸಿನಿಂದ ಬೇಡುವವರೆಗೆ ಊಟವಿಲ್ಲ. ಅತ್ತೆ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಈಗ ಮನಸ್ಸನ್ನು ಅಳೆಯಲು ಮನಫಲಕವಿದೆ, ಗೋಡೆಗೆ ಹಾಕುವ ಬಿಳಿ ಹಲಗೆ. ಅಂಗೈ ಇಟ್ಟು ಒಳಗೊಳಗೇ ಪ್ರಾರ್ಥಿಸಬೇಕು. ಕೈ ಬಿಸಿಯೇರಿದರೆ ಬೆಳಗುತ್ತದೆ. ಏನು ಬೇಡಿದೆವೆಂಬುದು ಅದಕ್ಕೆ ತಿಳಿಯುವುದಿಲ್ಲ. ಮದುವೆಯ ದಿನ ನನ್ನ ಕೈಗೆ ಝಗ್ಗನೆ ಬೆಳಗಿತು, ಎಲ್ಲರೂ "ಸ್ತೋತ್ರ" ಅಂದರು. ನಾನು ಸಿಲಾಸನ ಕತ್ತಿನ ಮಚ್ಚೆಯನ್ನು ನೆನೆಯುತ್ತಿದ್ದೆ. ಹೇಳಲಿಲ್ಲ.

ಭಾವ ಇಮ್ಮಾನುವೇಲರ ಮಗಳು ಪ್ರಿಸ್ಕಿಗೆ ಏಳು ವರ್ಷ. ನಾನು ಬಂದ ಮೇಲೆ ನಾಲ್ಕು ಸಂಜೆ ಅವಳ ತಟ್ಟೆ ಬೋರಲಾಗಿತ್ತು. "ಹೊಟ್ಟಿಗಿಂತ ಆತ್ಮ ದೊಡ್ಡದವ್ವ," ಎನ್ನುತ್ತ ಭಾವ ತಾವು ರೊಟ್ಟಿ ಮುರಿದರು. ಐದನೆಯ ಸಂಜೆ ಫಲಕ ಕೋಣೆ ತುಂಬ ಬೆಳಗಿತು. ಭಾವ ಅತ್ತುಬಿಟ್ಟರು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾವೇ ತುತ್ತು ಕೊಟ್ಟರು.

ಆಮೇಲೆ ನಾನು ಕೈ ತೊಳೆಸುವಾಗ ಅವಳು ನನ್ನ ಕಿವಿಗೆ ಬಾಯಿ ತಂದಳು. "ಚಿಗವ್ವ, ಪಪ್ಪ ಸಾಯ್ಲಿ ಅಂತ ಬೇಡ್ಕೊಂಡೆ. ಹೇಳ್ಲೇನು ಅವರಿಗೆ?"

"ಬ್ಯಾಡ, ಸುಮ್ನಿರು," ಎಂದೆ. ಮನೆಯೆಲ್ಲ ಖುಷಿಯಲ್ಲಿತ್ತು, ಅಜ್ಜಿ. ನಾನು ಹೊಸ ಸೊಸೆ.

ಮೊನ್ನೆಯಿಂದ ಭಾವನಿಗೆ ಜ್ವರ. "ಚಿಗವ್ವ, ಬೇಡಿದ್ದನ್ನ ವಾಪಸ್ ತಗೋಬೋದೇನು?" ಎಂದು ಪ್ರಿಸ್ಕಿ ಕೇಳಿದಳು. ಏನು ಹೇಳಲಿ? ದೇವರಿಗೆ ಕೇಳಿಸಿಲ್ಲ ಎನ್ನಲೇ? ಆತ ಕೇಳುತ್ತಾನೆಂದು ಈ ಮನೆಯಲ್ಲಿ ನಿಜವಾಗಿ ನಂಬಿದವಳು ಅವಳೊಬ್ಬಳೇ. ನಿನ್ನೆ ಸಂಜೆ ಎರಡೂ ಕೈ ಫಲಕಕ್ಕೆ ಒತ್ತಿ, ಪಪ್ಪ ಬದುಕಲಿ ಎಂದು ಬೇಡಿದಳು. ಹೆದರಿಕೆಗೆ ಕೈ ತಣ್ಣಗೆ ಕೊರೆಯುತ್ತಿದ್ದವು. ಫಲಕ ಬೆಳಗಲಿಲ್ಲ. ಭಾವ ಕಂಬಳಿ ಹೊದ್ದುಕೊಂಡೇ ಎದ್ದು ಬಂದು ಅವಳ ತಟ್ಟೆ ಬೋರಲು ಹಾಕಿದರು. "ಅಪ್ಪ ಮಲಗ್ಯಾನಂದ್ರೂ ನಿನ್ನ ಎದಿ ಕರಗಂಗಿಲ್ಲಲ್ಲ," ಎಂದರು. ಅವಳು ಬಾಯಿ ಬಿಡಲಿಲ್ಲ. ಸುಮ್ಮನಿರಲು ನಾನೇ ಕಲಿಸಿದ್ದೆ.

ಅಜ್ಜಿ, ನೀವು ಮೊದಲ ಸಲ ತಟ್ಟೆ ಬೋರಲು ಹಾಕಿದ ದಿನಕ್ಕೇ ಈ ಕಾಗದ ಮುಟ್ಟುವಂತೆ ಕಳಿಸುತ್ತಿದ್ದೇನೆ. ಇವತ್ತು ಸಂಜೆ ನಿಮ್ಮ ಮಗ ಪ್ರಾರ್ಥನೆಯನ್ನು ಅರೆನಿದ್ದೆಯಲ್ಲಿ ಒಪ್ಪಿಸುತ್ತಾನೆ. ಅವನಿಗೆ ಊಟ ಹಾಕಿಬಿಡಿ. ತಟ್ಟೆಗೆ ಕೈ ಹಾಕಬೇಡಿ. ನೀವು ನಿಲ್ಲಿಸದಿದ್ದರೆ ನಿಲ್ಲಿಸುವವರು ಯಾರೂ ಇಲ್ಲ. ನನ್ನನ್ನು ನಂಬಿ ಕೂರಬೇಡಿ. ಅತ್ತೆ ಉಡುಗೊರೆ ಕೊಟ್ಟ ಹೊಸ ಫಲಕವನ್ನು ಸಿಲಾಸ ನಮ್ಮ ಕೋಣೆಯ ಗೋಡೆಗೆ ಹಿಡಿದು ನಿಂತಿದ್ದಾನೆ. ಮುಂದೆ ಹುಟ್ಟುವ ನಮ್ಮ ಮಗುವಿನ ಕೈಗೆ ಎಟುಕಬೇಕಲ್ಲ, ಎತ್ತರ ಸರಿಯೇ ಎಂದು ಕೇಳುತ್ತಿದ್ದಾನೆ. ಎಷ್ಟು ಚೆಂದ ನಗುತ್ತಿದ್ದಾನೆ.

"ಇನ್ನೊಂಚೂರು ಕೆಳಗ," ಎನ್ನುತ್ತಿದ್ದೇನೆ.

ನಿಮ್ಮ ಮನೆಯ ಸೊಸೆ,
ತಬಿತಾ