ತೀರ್ಥದ ಜೊತೆ ನುಂಗಿದ ಗುಳಿಗೆ

ಸಿಂದಗಿ
ಕಾರ್ತೀಕ ಬಹುಳ ದ್ವಾದಶಿ, ಭಾನುವಾರ

ಪ್ರೀತಿಯ ಅವ್ವಾ,

ಇವತ್ತು ಬೆಳಿಗ್ಗೆ ಬಚ್ಚಲ ಮೂಲೆಯಲ್ಲಿ ಬಿದ್ದಿದ್ದ ಅಜ್ಜಿಯ ಮಡಿ ಸೀರೆಯ ಸೆರಗಿಗೆ ಇರುವೆ ಮುತ್ತಿದ್ದವು. ಯಾಕೆಂದು ಹೇಳುತ್ತೇನೆ, ಮೊದಲು ನಿನ್ನ ಆರೋಗ್ಯದ ಮಾತು. ಸೊಲ್ಲಾಪುರದಲ್ಲಿ ಮಂಜರಿ ಅಕ್ಕನ ಬಾಣಂತನ ಮಾಡುತ್ತ ನಿನ್ನ ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ? ಸಕ್ಕರೆ ಕಾಯಿಲೆಯ ಗುಳಿಗೆ ಇನ್ನೂ ಇವೆಯೇ? ಕೂಸು ರಾತ್ರಿ ನಿನ್ನನ್ನು ಮಲಗಲು ಬಿಡುತ್ತದೆಯೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ, ನಿನಗೆ ಗೊತ್ತು.

ನಿನ್ನೆ ಏಕಾದಶಿ. ಅಜ್ಜಿಯದು ತೀರ್ಥ ಬಿಟ್ಟರೆ ಬಾಯಿಗೆ ಏನೂ ಇಲ್ಲದ ಉಪವಾಸ. ಆದರೆ ತನ್ನ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ತಪ್ಪಿಸಲಿಲ್ಲ, ತುಳಸಿ ತೀರ್ಥದ ಜೊತೆಗೇ ನುಂಗಿದಳು. “ಔಷಧಕ್ಕ ದೋಷ ಇಲ್ಲ ಬಿಡ. ಗುಳಿಗೀನೂ ಆತು, ಊಟಾನೂ ಇಲ್ಲ. ಇವತ್ತ ಆ ಸಕ್ಕರಿ ಹ್ಯಾಂಗ ಏರತದ ನೋಡೇ ಬಿಡತೀನಿ” ಎಂದು ನಕ್ಕಳು. ಮಧ್ಯಾಹ್ನ ದೇವರ ಮನೆಯ ಬಾಗಿಲಿಗೆ ಒರಗಿ ಹಾಡು ಹೇಳುತ್ತಿದ್ದವಳು ನಡುವೆಯೇ ಸಾಲು ಮರೆತಳು. ಕೆನ್ನೆಯ ಗೋಪಿಚಂದನ ಬೆವರಿಗೆ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ಕೈ ನಡುಗುತ್ತಿತ್ತು. ನನ್ನನ್ನು ನಿನ್ನ ಹೆಸರಿನಿಂದ ಕರೆದಳು.

ಅಪ್ಪ ಪುಸ್ತಕದಿಂದ ತಲೆ ಎತ್ತಿ, “ಉಪವಾಸದ ನಿಶ್ಶಕ್ತಿ ಅದು. ಮುಟ್ಟಬ್ಯಾಡ, ಮಡಿಯೊಳಗಿದ್ದಾಳ” ಎಂದರು. ನಾನು ಮುಟ್ಟಿದೆ. ನೀನು ಬಿಟ್ಟುಹೋದ ಮಷಿನ್ ತಂದು ಬೆರಳು ಚುಚ್ಚಿದರೆ ಸಕ್ಕರೆ ಐವತ್ತೂ ಇರಲಿಲ್ಲ. ನೀರಿನಲ್ಲಿ ಸಕ್ಕರೆ ಕದಡಿ ಅವಳನ್ನು ಎಬ್ಬಿಸಿ ಕೂಡಿಸಿದೆ. “ವೃಂದಾ! ಏಕಾದಶಿ ದಿನ, ಅದೂ ಮೈಲಿಗಿ ಕೈಲೆ! ಅಕೀ ಜನ್ಮದ ವ್ರತ ಕೆಡಸ್ತೀಯೇನು?” ಎಂದು ಅಪ್ಪ ಕೂಗಿದರು. ಅಂಗಡಿಯಲ್ಲಿ ಚಿಲ್ಲರೆ ವಾಪಸ್ ಕೇಳಲೂ ನಾಚುವ ನಿನ್ನ ಮಗಳು ಏನಂದಳು ಗೊತ್ತೇ? “ಪಾಪ ನನಗ ಹತ್ತಲಿ. ಬಟ್ಟಲಾ ಹಿಡೀರಿ, ಅಪ್ಪಾ.” ಅವರು ಹಿಡಿದರು, ಅವ್ವಾ! ಗುಟುಕು ಗುಟುಕಾಗಿ ಕುಡಿಸಿದೆ. ಅರ್ಧ ಸೆರಗಿಗೆ ಚೆಲ್ಲಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಮತ್ತೆ ನನ್ನನ್ನು ವೃಂದಾ ಎಂದಳು.

ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಡಾಕ್ಟರ್ ಸಾಬೀರಾ ಅವರಲ್ಲಿಗೆ ಕರೆದೊಯ್ದೆ. “ಈ ಗುಳಿಗಿ ಹೊಟ್ಟಿ ತುಂಬೇತೋ ಖಾಲಿ ಐತೋ ನೋಡಂಗಿಲ್ರಿ, ತನ್ನ ಕೆಲಸ ತಾ ಮಾಡತೈತಿ. ಸಕ್ಕರಿ ಏರಿದ್ರ ವರ್ಷಗಟ್ಟಲೆ ಕಾಡತೈತಿ, ಇಳಿದ್ರ ಒಂದ ತಾಸಿನ್ಯಾಗ ಜೀವಾನ ಒಯ್ಯತೈತಿ” ಎಂದರು. ಇನ್ನು ಉಪವಾಸ ಬೇಡ, ತಮ್ಮನ್ನು ಕೇಳದೆ ಗುಳಿಗೆ ಬಿಡುವುದೂ ಬೇಡ ಎಂದೂ ಹೇಳಿದರು. ಅಜ್ಜಿ ಮುಖ ತಿರುಗಿಸಿದಾಗ, “ರೋಜಾದಾಗ ನಮ್ಮ ಅಮ್ಮಗೂ ಇದನ್ನ ಹೇಳಿ ಬೈಸ್ಕೊಂಡೀನ್ರಿ, ನೀವೂ ಬೈರಿ” ಎಂದು ನಕ್ಕರು.

ಅಜ್ಜಿ ಬೈಯಲಿಲ್ಲ. ಇವತ್ತು ಪಾರಣೆಗೆ ಕುಳಿತಾಗ ತಟ್ಟೆಯನ್ನೇ ನೋಡುತ್ತ, “ಮನೀ ಮಂದಿಯೆಲ್ಲ ಉಪವಾಸ ಕೂತಾಗ ನಾ ಒಬ್ಬಾಕೀನ ಹ್ಯಾಂಗ ತಿನ್ನಲವಾ? ತುತ್ತು ಗಂಟಲದಾಗ ಇಳೀತದೇನು?” ಎಂದಳು. ಅವಳು ಅಂಜುತ್ತಿರುವುದು ದೇವರಿಗಲ್ಲ ಎಂದು ನನಗೆ ಆಗ ತಿಳಿಯಿತು.

ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ, ಚಹಾ ಮಾತ್ರ ನನ್ನ ಕೈಯದೇ ಕುಡಿಯುತ್ತಿದ್ದಾರೆ. ಅಕ್ಕನಿಗೆ ನೆನಪು ಹೇಳು, ಭಾವನಿಗೆ ನಮಸ್ಕಾರ, ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ ಮಗಳು,
ವೃಂದಾ

ತಾ.ಕ.: ಬರುವ ಏಕಾದಶಿ ಸೋಮವಾರ. ಅಂದು ನಾನು ಒಲೆ ಹೊತ್ತಿಸಿ ಜೋಳದ ಭಕ್ಕರಿ ಬಡಿದು ಎರಡು ತಟ್ಟೆ ಹಾಕುತ್ತೇನೆ. ಮೊದಲ ತುತ್ತು ನನ್ನದು, ಅಪ್ಪನ ಎದುರಿಗೇ. ಅಜ್ಜಿ ಒಬ್ಬಳೇ ತಿನ್ನುವುದಿಲ್ಲ. ನೀನೂ ಅದೇ ಗುಳಿಗೆ ನುಂಗುತ್ತೀಯ, ನಿನ್ನೆ ನೀನೂ ಉಪವಾಸವಿದ್ದೆಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಈ ಪತ್ರ ಮುಟ್ಟಿದ ದಿನವೇ ಅಲ್ಲಿಯ ಡಾಕ್ಟರಿಗೆ ತೋರಿಸು. ಸೋಮವಾರ ಅಲ್ಲಿ ನೀನೂ ತಟ್ಟೆ ಹಾಕಿಕೋ ಅವ್ವಾ, ನಾವು ಮೂವರೂ ಕೂಡಿಯೇ ಉಣ್ಣೋಣ.