ಸ್ವಂತ ಹಾಡಿಗೆ ಅನುದಾನ ಇಲ್ಲವಂತೆ

ಬಂಟ್ವಾಳ, ೯ ಆಗಸ್ಟ್ ೧೯೬೩, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಸಂಗೀತ ಶಾಲೆಗೆ ಸರಕಾರದ ಅನುದಾನ ಕೊಡಬಹುದೇ ಎಂದು ನೋಡಲು ಇವತ್ತು ಅಧಿಕಾರಿ ಬಂದಿದ್ದರು. ಹಾರ್ಮೋನಿಯಂನ ತಿದಿ ಹರಿದು ವರ್ಷವಾಯಿತು. ಅನುದಾನವನ್ನೇ ನಂಬಿ ಕೂತಿದ್ದೆ. ಮಕ್ಕಳ ಕೀರ್ತನೆಗೆ ಅವರು ತಲೆದೂಗಿದರು. ಆಮೇಲೆ ನನ್ನ ಶಿಷ್ಯೆ ಕುಸುಮ ತಾನೇ ಕಟ್ಟಿದ ತುಳು ಹಾಡು ಹಾಡಿದಳು, ನೇತ್ರಾವತಿ ದಾಟುವ ದೋಣಿಯದ್ದು. ಎಷ್ಟು ಚೆನ್ನಾಗಿ ಹಾಡಿತು ಹುಡುಗಿ!

"ಇದು ಯಾವ ರಾಗ?"

"ನಾನೇ ಮಾಡಿದ್ದು ಸರ್."

ನಕ್ಕುಬಿಟ್ಟರು ಮಹಾನುಭಾವರು. "ಇದೆಲ್ಲ ಸಂಗೀತ ಅಲ್ಲ ಟೀಚರ್. ಇಂಥದ್ದು ನಿಲ್ಲಿಸಿ, ಶಿಫಾರಸು ಮಾಡ್ತೇನೆ."

"ಕೀರ್ತನೆಯೂ ಯಾರೋ ಹೊಸತಾಗಿ ಕಟ್ಟಿದ್ದೇ ಅಲ್ವಾ ಸರ್? ನಾನು ನಿಲ್ಲಿಸುವುದಿಲ್ಲ" ಎಂದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು.

ಹೋಗಲಿ. ಆದರೆ ಕುಸುಮ ಬಾಗಿಲ ಹತ್ತಿರ ನಿಂತು, "ನನ್ನಿಂದ ಹೀಗಾಯ್ತು. ಇನ್ನು ಹಾಡು ಕಟ್ಟುವುದಿಲ್ಲ ಟೀಚರ್" ಎಂದಳು. ಒಂದು ನಗುವಿನಲ್ಲಿ ಆ ಮನುಷ್ಯ ಎಂಥ ಕೆಲಸ ಮಾಡಿಹೋದ! ಅವಳನ್ನು ಕೂರಿಸಿ, ಆ ಹಾಡನ್ನೇ ಎಲ್ಲರಿಗೂ ಹೇಳಿಕೊಡು ಎಂದೆ. ಮೊದಲ ಸಾಲನ್ನು ಮೆಲ್ಲಗೆ ಹಾಡಿದಳು. ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಕೊನೆಗೆ ಕುಸುಮ ಕಣ್ಣೊರೆಸಿಕೊಂಡು ಪಕ್ಕದವಳನ್ನು ಗದರಿಸಿದಳು: "ಎರಡನೇ ಸಾಲು ಹಾಗಲ್ಲ ಮಾರಾಯ್ತಿ, ಪುನಃ ಹಾಡುವ."

ಅಧಿಕಾರಿಗಳು ಆಗ ಇರಬೇಕಿತ್ತು. ಇದ್ದಿದ್ದರೂ ಆ ಕಿವಿಗಳಿಗೆ ಇದು ಸಂಗೀತ ಅಂತ ಕೇಳಿಸುತ್ತಿರಲಿಲ್ಲ.