ಮೂರು ಸಲ ಕೂಗಿದ ಹೆಸರು

ಹಬ್ಬದ ನಾಲ್ಕನೆಯ ದಿನ, ಬೆಳಿಗ್ಗೆ

ನಮ್ಮ ಯಜಮಾನರಿಗೆ,

ನಾನು ಕ್ಷೇಮವೆಂದು ಬರೆದರೆ ಸುಳ್ಳಾಗುತ್ತದೆ. ನೀವು ಕ್ಷೇಮವೆಂಬುದು ನಿನ್ನೆ ಸಂಜೆ ಗೊತ್ತಾಯಿತು. ಫೋನಿನಲ್ಲಾದರೆ ಮಾತು ತಿರುಗಿಸುತ್ತೀರಿ, ಅದಕ್ಕೇ ಈ ಕಾಗದ.

ಬಸ್ ನಿಲ್ದಾಣದ ಮೈಕಿನ ಮುಂದಿನಿಂದ ಎಬ್ಬಿಸಿ ನನ್ನನ್ನು ಹತ್ತು ದಿನಕ್ಕೆ ಈ ನಗರಕ್ಕೆ ಕಳಿಸಿದ್ದಾರೆ. ನದಿಸ್ನಾನದ ಹಬ್ಬಕ್ಕೆ ಲಕ್ಷಗಟ್ಟಲೆ ಜನ. ತಪ್ಪಿಸಿಕೊಂಡವರ ಹೆಸರು ಕೂಗಲು ಸ್ಪಷ್ಟವಾದ ದನಿ ಬೇಕಂತೆ. ನಿಮಗೆ ತಿಳಿಸಲಿಲ್ಲ. ತೀರ್ಥ ತಂದುಕೊಟ್ಟು ಬೆರಗುಗೊಳಿಸೋಣ ಎಂದಿದ್ದೆ. ಬೆರಗಾಗುವ ಸರದಿ ನನ್ನದೇ ಆಯಿತು.

ನಿನ್ನೆ ಮಧ್ಯಾಹ್ನ ಒಬ್ಬ ಹೆಂಗಸು ಒದ್ದೆ ಸೀರೆಯಲ್ಲೇ ಮಗಳ ಕೈ ಹಿಡಿದು ನಮ್ಮ ಡೇರೆಗೆ ಓಡಿಬಂದಳು. ಮುಳುಗಿ ಏಳೋದ್ರೊಳಗೆ ನಮ್ಮ ಯಜಮಾನ್ರು ಕಾಣ್ತಿಲ್ಲಕ್ಕಾ, ಅವ್ರಿಗೆ ಈಜೂ ಬರಲ್ಲ, ಫೋನೂ ಆಫಾಗಿದೆ ಎಂದು ಅತ್ತಳು. ಎಲ್ಲೂ ಹೋಗಿರಲ್ಲಮ್ಮ, ನಾನು ಕೂಗಿದ್ರೆ ಅರ್ಧ ಗಂಟೇಲಿ ಬಂದೇ ಬರ್ತಾರೆ ಎಂದೆ. ನನ್ನ ಜಂಬ ನೋಡಿ! ಹೆಸರು ಹೇಳಿದಳು. ಆ ಹೆಸರಿನವರು ಬೇಕಾದಷ್ಟು ಜನ ಇದ್ದಾರೆಂದು ಬರೆದುಕೊಂಡೆ. ಎಡ ಹುಬ್ಬಿನ ಮೇಲೆ ಕಲೆ ಎಂದಳು. ಬಿಳಿ ಅಂಗಿ, ಎರಡನೆಯ ಗುಂಡಿ ಮಾತ್ರ ಕಂದು ಎಂದಳು. ಆ ಗುಂಡಿ ಹೊಲಿದವಳು ನಾನು. ಆಮೇಲೆ ಫೋಟೋ ತೋರಿಸಿದಳು. ಕಾರ್ಖಾನೆಯಲ್ಲಿ ಯಂತ್ರ ಬಿಚ್ಚಿ ಹಾಕಿದ್ದಾರೆ, ರಜೆಯಿಲ್ಲ ಎಂದು ಹೋದವರು ಸೊಂಟದ ತನಕ ನೀರಿನಲ್ಲಿ ನಿಂತು ನಗುತ್ತಿದ್ದಿರಿ.

ಕಟ್ಟಿಕೊಂಡ ಹೆಂಡತಿ ನಾನಿಲ್ಲಿ ಕೂತಿರುವಾಗ ಇವಳ್ಯಾರು ಎಂದು ಕಿರುಚಬೇಕೆನಿಸಿತು. ಆದರೆ ನೀವು ನೀರುಪಾಲಾಗಿದ್ದರೆ? ಸಿಟ್ಟಿಗಿಂತ ಆ ಭಯವೇ ದೊಡ್ಡದಾಯಿತು. ಮೂರು ಸಲ ಕೂಗಬೇಕೆಂಬುದು ಇಲ್ಲಿನ ನಿಯಮ. ಕೂಗಿದೆ. ಎಲ್ಲಿದ್ದರೂ ಬನ್ನಿ, ನಿಮ್ಮ ಹೆಂಡತಿ ಮತ್ತು ಮಗಳು ಕಾಯುತ್ತಿದ್ದಾರೆ ಎಂದು, ನಾನೇ, ನನ್ನ ಬಾಯಿಂದಲೇ.

ನೀವು ಬರಲಿಲ್ಲ. ಸಂಜೆ ಅವಳಿಗೆ ನಿಮ್ಮ ಫೋನ್ ಬಂತು. ಡೇರೆ ಹತ್ರ ಬರಲ್ವಂತೆ, ನಾವೇ ರೈಲ್ವೆ ಸ್ಟೇಷನ್ನಿಗೆ ಹೋಗ್ಬೇಕಂತೆ, ಯಾಕೋ ಏನೋ ಎಂದು ಕಣ್ಣೊರೆಸಿಕೊಂಡು ನಕ್ಕಳು. ಯಾಕೆಂದು ನನಗೆ ಗೊತ್ತು. ನನ್ನ ದನಿ ನಿಮಗೆ ಗುರುತು ಸಿಗದೆ ಇರುತ್ತದೆಯೇ? ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹೊರಡುವಾಗ ಅವಳು ನನ್ನ ಎರಡೂ ಕೈ ಹಿಡಿದು, ನನ್ ತಾಳಿ ಉಳಿಸಿದ್ರಿ ಅಕ್ಕ ಎಂದಳು. ನಿಜವನ್ನು ಅವಳಿಗೆ ನೀವೇ ಹೇಳಬೇಕು.

ಅಲ್ಲಿಯ ತನಕ ಮನೆಯ ಕಡೆ ತಲೆ ಹಾಕಬೇಡಿ. ಬೀಗ ಬದಲಾಯಿಸುತ್ತೇನೆ.

ಇಂತಿ,
ನಿಮ್ಮ ಧರ್ಮಪತ್ನಿ

ತಾ.ಕ.: ಒಂದು ವಿಷಯ ಬರೆಯದೆಯೇ ಮುಗಿಸಿಬಿಡೋಣ ಎಂದಿದ್ದೆ, ಆಗಲಿಲ್ಲ. ಅರ್ಜಿಗೆಂದು ಮಗಳ ವಯಸ್ಸು ಕೇಳಿದೆ. ಒಂಬತ್ತು ಎಂದಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಇದೇ ಮೊದಲ ಸಲ ನಮ್ಮನ್ನ ಕರ್ಕೊಂಡ್ ಬಂದಿದ್ರು ಎಂದು ತಾನಾಗಿಯೇ ಹೇಳಿದಳು. ನಮ್ಮ ಮದುವೆಗೆ ಬರುವ ತಿಂಗಳು ಆರು ವರ್ಷ. ಹಾಗಾದರೆ ನಾನು ನಿಮಗೆ ಏನಾಗಬೇಕು?